ಬೈಟ್, ಸಂಕೇತಾಂಕ, ಅಕ್ಷರ: ಪೈಥಾನ್ ಭಾಷೆಯ ಯುನಿಕೋಡ್ ಪರಿವರ್ತನೆ ಮತ್ತು ಕನ್ನಡ ಪಠ್ಯಾಧ್ಯಯನ

1. ಪ್ರವೇಶ

'ಕನ್ನಡ' ಎಂಬ ಪದದಲ್ಲಿ ಎಷ್ಟು ಅಕ್ಷರಗಳಿವೆ ಎಂದು ಕೇಳಿದರೆ ಶಾಲೆಯ ಮಗುವೂ ಮೂರು ಎಂದು ಉತ್ತರಿಸುತ್ತದೆ. ಇದೇ ಪ್ರಶ್ನೆಯನ್ನು ಪೈಥಾನ್ ಎಂಬ ಗಣಕಭಾಷೆಯ ಮುಂದಿಟ್ಟರೆ ಅದರ 2ನೆಯ ಆವೃತ್ತಿಯು ಸಾಮಾನ್ಯವಾಗಿ 15 ಎಂದೂ 3ನೆಯ ಆವೃತ್ತಿಯು 5 ಎಂದೂ ಉತ್ತರಿಸುತ್ತವೆ. ಈ ಮೂರರಲ್ಲಿ ಯಾವುದೂ ಎಣಿಕೆಯ ತಪ್ಪಲ್ಲ. ಎಣಿಸಲಾದ ವಸ್ತುವೇ ಬೇರೆ ಬೇರೆ. 15 ಎಂಬುದು ಬೈಟ್‌ಗಳ ಸಂಖ್ಯೆ, 5 ಎಂಬುದು ಯುನಿಕೋಡ್ ಸಂಕೇತಾಂಕಗಳ ಸಂಖ್ಯೆ, 3 ಎಂಬುದು ಕನ್ನಡ ಬರವಣಿಗೆ ಮತ್ತು ಛಂದಸ್ಸುಗಳು ಬಲ್ಲ ಅಕ್ಷರಗಳ ಸಂಖ್ಯೆ.

ಇಂದು ಪದಸೂಚಿ, ಪದಾವೃತ್ತಿಯ ಲೆಕ್ಕ, ಪಾಠಾಂತರಗಳ ಹೋಲಿಕೆ, ಛಂದೋವಿಶ್ಲೇಷಣೆ ಮೊದಲಾದ ಕಾರ್ಯಗಳಿಗೆ ಗಣಕವನ್ನು ಬಳಸುವ ಕನ್ನಡ ಸಂಶೋಧಕರ ಸಂಖ್ಯೆ ಹೆಚ್ಚುತ್ತಿದೆ. ಇಂತಹ ಕಾರ್ಯಗಳಿಗೆ ಹೆಚ್ಚಾಗಿ ಬಳಕೆಯಾಗುವ ಭಾಷೆಗಳಲ್ಲಿ ಪೈಥಾನ್ ಒಂದು. 2000ದಿಂದ 2020ರವರೆಗೆ ಈ ಭಾಷೆಯು ತನ್ನ ಪಠ್ಯದ ಪರಿಕಲ್ಪನೆಯನ್ನೇ ಬದಲಾಯಿಸಿಕೊಂಡಿತು. ಆ ಬದಲಾವಣೆಯ ಕಾರಣ ಮತ್ತು ಸ್ವರೂಪಗಳನ್ನು ವಿವರಿಸುವುದು, ಅದು ಕನ್ನಡ ಪಠ್ಯಾಧ್ಯಯನಕ್ಕೆ ಒದಗಿಸಿದ ಅನುಕೂಲವನ್ನೂ ಬಿಟ್ಟುಹೋದ ಕೆಲಸವನ್ನೂ ಗುರುತಿಸುವುದು ಈ ಲೇಖನದ ಉದ್ದೇಶ. ಬೈಟ್ ಮತ್ತು ಪಠ್ಯಗಳನ್ನು ಬೇರ್ಪಡಿಸುವ ಕೆಲಸವನ್ನು ಪೈಥಾನ್ 3 ಪೂರೈಸಿದೆ. ಸಂಕೇತಾಂಕದಿಂದ ಅಕ್ಷರಕ್ಕೆ ಹೋಗುವ ಹೆಜ್ಜೆಯನ್ನು ಕನ್ನಡ ವ್ಯಾಕರಣ, ಛಂದಸ್ಸುಗಳನ್ನು ಬಲ್ಲವರೇ ಇಡಬೇಕಾಗಿದೆ ಎಂಬುದು ಇಲ್ಲಿಯ ಮುಖ್ಯ ಪ್ರತಿಪಾದನೆ.

2. ಸಂಖ್ಯೆಯಾಗಿ ಅಕ್ಷರ

ಗಣಕದ ಸ್ಮರಣೆಯಲ್ಲಿ ಅಕ್ಷರಗಳಿಲ್ಲ, ಸಂಖ್ಯೆಗಳಷ್ಟೇ ಇವೆ. ಈ ಸಂಖ್ಯೆಗಳನ್ನು ಅಳೆಯುವ ಮೂಲಮಾನವೇ ಬೈಟ್. ಒಂದು ಬೈಟ್‌ನಲ್ಲಿ 0ಯಿಂದ 255ರವರೆಗಿನ ಯಾವುದಾದರೂ ಒಂದು ಸಂಖ್ಯೆಯನ್ನು ಇಡಬಹುದು. ಯಾವ ಸಂಖ್ಯೆ ಯಾವ ಅಕ್ಷರವನ್ನು ಸೂಚಿಸುತ್ತದೆ ಎಂಬುದು ಕೇವಲ ಒಪ್ಪಂದದ ಮಾತು. ಅಮೆರಿಕದಲ್ಲಿ 1963ರಲ್ಲಿ ರೂಪುಗೊಂಡ ಆಸ್ಕಿ ಅಂತಹ ಒಂದು ಒಪ್ಪಂದ. ಅದರಲ್ಲಿ ಒಟ್ಟು 128 ಸ್ಥಾನಗಳಿವೆ. ಇಂಗ್ಲಿಷಿನ ದೊಡ್ಡ ಮತ್ತು ಚಿಕ್ಕ ಅಕ್ಷರಗಳು, ಅಂಕಿಗಳು, ವಿರಾಮಚಿಹ್ನೆಗಳು ಅಷ್ಟರಲ್ಲೇ ಅಡಕವಾದುವು. ಹೀಗಾಗಿ ಇಂಗ್ಲಿಷಿಗೆ ಒಂದು ಬೈಟ್ ಎಂದರೆ ಒಂದು ಅಕ್ಷರ ಎಂಬ ಸಮೀಕರಣ ಸಹಜವೆಂಬಂತೆ ನೆಲೆಗೊಂಡಿತು.

ಉಳಿದ ಭಾಷೆಗಳು 128ರಿಂದ 255ರವರೆಗಿನ ಸ್ಥಾನಗಳನ್ನು ತಮ್ಮ ತಮ್ಮ ಅಗತ್ಯಕ್ಕೆ ಬಳಸಿಕೊಂಡುವು. ಭಾರತೀಯ ಲಿಪಿಗಳಿಗಾಗಿ ರೂಪಿತವಾದ ಇಸ್ಕಿ 1991ರಲ್ಲಿ ಭಾರತೀಯ ಮಾನಕವಾಯಿತು. ಅದೇ ವರ್ಷ ಪ್ರಕಟವಾದ ಯುನಿಕೋಡ್‌ನ ಮೊದಲ ಆವೃತ್ತಿಯು ಇಸ್ಕಿಯ 1988ರ ವಿನ್ಯಾಸವನ್ನು ಅನುಸರಿಸಿ ಭಾರತೀಯ ಲಿಪಿಗಳಿಗೆ ಸ್ಥಾನ ನೀಡಿತು. ಯುನಿಕೋಡ್‌ನಲ್ಲಿ ಪ್ರತಿಯೊಂದು ಲಿಪಿಚಿಹ್ನೆಗೂ ಬೇರೆ ಯಾವ ಚಿಹ್ನೆಗೂ ಇಲ್ಲದ ಒಂದು ಸಂಖ್ಯೆಯಿದೆ. ಅದನ್ನು ಇಲ್ಲಿ ಸಂಕೇತಾಂಕ ಎಂದು ಕರೆಯಲಾಗಿದೆ. ಕನ್ನಡಕ್ಕೆ ಮೀಸಲಾದ ಮುಖ್ಯ ವಿಭಾಗ 3200ರಿಂದ 3327ರವರೆಗಿನ 128 ಸ್ಥಾನಗಳು. 'ಕ' 3221, 'ನ' 3240, 'ಡ' 3233, ವಿರಾಮಚಿಹ್ನೆಯಾದ '್' 3277. 'ಕನ್ನಡ' ಎಂಬ ಪದವನ್ನು ಯುನಿಕೋಡ್ ಕ, ನ, ್, ನ, ಡ ಎಂಬ ಐದು ಸಂಕೇತಾಂಕಗಳ ಸಾಲಾಗಿ ಕಾಣುತ್ತದೆ. ಒತ್ತಕ್ಷರಕ್ಕೆ ಪ್ರತ್ಯೇಕ ಸ್ಥಾನವಿಲ್ಲ; ವಿರಾಮಚಿಹ್ನೆಯ ನಂತರ ಬರುವ ವ್ಯಂಜನವೇ ತೆರೆಯ ಮೇಲೆ ಒತ್ತಾಗಿ ಮೂಡುತ್ತದೆ.

ಸಂಕೇತಾಂಕವು ಒಂದು ಅಮೂರ್ತ ಸಂಖ್ಯೆ. 3221 ಎಂಬುದು 255ಕ್ಕಿಂತ ದೊಡ್ಡದಾದ ಕಾರಣ ಒಂದು ಬೈಟ್‌ನಲ್ಲಿ ಹಿಡಿಯದು. ಸಂಕೇತಾಂಕವನ್ನು ಬೈಟ್‌ಗಳ ರೂಪಕ್ಕೆ ತರುವ ವಿಧಾನಕ್ಕೆ ಸಂಕೇತೀಕರಣ ಎಂದು ಹೆಸರು. ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ರೂಪಿಸಿದ ಯುಟಿಎಫ್-8 ಇಂದು ಅತ್ಯಂತ ವ್ಯಾಪಕವಾಗಿ ಬಳಕೆಯಲ್ಲಿರುವ ಸಂಕೇತೀಕರಣ. ಅದರಲ್ಲಿ ಆಸ್ಕಿಯ ಚಿಹ್ನೆಗಳಿಗೆ ಒಂದೊಂದು ಬೈಟ್ ಸಾಕು. 3200ರಿಂದ 3327ರವರೆಗಿನ ಪ್ರತಿಯೊಂದು ಕನ್ನಡ ಚಿಹ್ನೆಗೂ ಮೂರು ಬೈಟ್ ಬೇಕು. 'ಕ' ಎಂಬುದು 224, 178, 149 ಎಂಬ ಮೂರು ಬೈಟ್‌ಗಳಾಗುತ್ತದೆ. '್' ಎಂಬುದು 224, 179, 141 ಆಗುತ್ತದೆ. ಐದು ಸಂಕೇತಾಂಕಗಳ 'ಕನ್ನಡ' ಹದಿನೈದು ಬೈಟ್ ಆಗುವುದು ಹೀಗೆ.

3. ಪೈಥಾನ್ 2: ಒಂದೇ ಹೆಸರಿನ ಎರಡು ವಸ್ತು

ಗಣಕಭಾಷೆಗಳಲ್ಲಿ ಪಠ್ಯವನ್ನು ಹಿಡಿದಿಡುವ ದತ್ತಪ್ರಕಾರಕ್ಕೆ ಸ್ಟ್ರಿಂಗ್ ಎಂದು ಹೆಸರು. ನೆದರ್ಲೆಂಡ್ಸಿನ ಗೀಡೊ ವಾನ್ ರೋಸಮ್ ರೂಪಿಸಿದ ಪೈಥಾನ್ ಭಾಷೆ ಮೊದಲಿಗೆ ಸಾರ್ವಜನಿಕವಾದದ್ದು 1991ರಲ್ಲಿ, ಅಂದರೆ ಯುನಿಕೋಡ್‌ನ ಮೊದಲ ಆವೃತ್ತಿ ಪ್ರಕಟವಾದ ವರ್ಷದಲ್ಲಿಯೇ. ಆದ್ದರಿಂದ ಅದರ ಮೂಲ ಸ್ಟ್ರಿಂಗ್ ಪ್ರಕಾರವು ಬೈಟ್‌ಗಳ ಸಾಲಾಗಿದ್ದುದು ಆಶ್ಚರ್ಯವಲ್ಲ. ಈ ಪ್ರಕಾರಕ್ಕೆ 'ಸ್ಟ್ರ್' ಎಂದು ಹೆಸರಿತ್ತು. 2000ದ ಅಕ್ಟೋಬರಿನಲ್ಲಿ ಬಂದ ಪೈಥಾನ್ 2.0 ಆವೃತ್ತಿಯು ಇದರ ಜೊತೆಗೆ 'ಯುನಿಕೋಡ್' ಎಂಬ ಎರಡನೆಯ ಪ್ರಕಾರವನ್ನು ಸೇರಿಸಿತು. ಮೊದಲನೆಯದು ಬೈಟ್‌ಗಳ ಸಾಲು, ಎರಡನೆಯದು ಸಂಕೇತಾಂಕಗಳ ಸಾಲು.

ಎರಡು ಪ್ರಕಾರಗಳಿದ್ದುದೇ ದೋಷವಲ್ಲ. ದೋಷವಿದ್ದುದು ಅವೆರಡರ ಬೆರಕೆಯಲ್ಲಿ. 'ಸ್ಟ್ರ್' ಮತ್ತು 'ಯುನಿಕೋಡ್' ಪ್ರಕಾರದ ಎರಡು ಸ್ಟ್ರಿಂಗ್‌ಗಳನ್ನು ಜೋಡಿಸಿದಾಗ ಪೈಥಾನ್ 2 ಬಳಕೆದಾರನನ್ನು ಕೇಳದೆಯೇ ಮೊದಲನೆಯದನ್ನು ಆಸ್ಕಿ ಎಂದು ಭಾವಿಸಿ ಯುನಿಕೋಡ್‌ಗೆ ಪರಿವರ್ತಿಸುತ್ತಿತ್ತು. ಬೈಟ್‌ಗಳೆಲ್ಲ 128ಕ್ಕಿಂತ ಕಡಿಮೆಯಿದ್ದರೆ ಈ ಊಹೆ ಸರಿಯಾಗುತ್ತಿತ್ತು. 128 ಅಥವಾ ಅದಕ್ಕಿಂತ ಹೆಚ್ಚಿನ ಒಂದೇ ಒಂದು ಬೈಟ್ ಎದುರಾದರೂ ಕ್ರಮವಿಧಿ ಅಲ್ಲಿಯೇ ನಿಲ್ಲುತ್ತಿತ್ತು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಯೂ 224 ಎಂಬ ಬೈಟ್‌ನಿಂದಲೇ ಆರಂಭವಾಗುತ್ತದೆ. ಆದಕಾರಣ 224ನೆಯ ಬೈಟನ್ನು ಆಸ್ಕಿಯಲ್ಲಿ ಬಿಡಿಸಲಾಗದು ಎಂಬ ಅರ್ಥದ ದೋಷಸೂಚನೆಯು ಪೈಥಾನ್ 2ರಲ್ಲಿ ಕನ್ನಡದ ಕೆಲಸ ಮಾಡುವವರಿಗೆ ಮೊದಲು ಪರಿಚಯವಾಗುತ್ತಿದ್ದ ಸಂದೇಶಗಳಲ್ಲಿ ಒಂದಾಗಿತ್ತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ದೋಷವಿದ್ದುದು ಕ್ರಮವಿಧಿಯಲ್ಲಿ, ಆದರೆ ಅದು ಪ್ರಕಟವಾಗುತ್ತಿದ್ದುದು ದತ್ತಾಂಶವನ್ನು ಅವಲಂಬಿಸಿ. ಇಂಗ್ಲಿಷ್ ಪಠ್ಯವನ್ನಷ್ಟೇ ಕೊಟ್ಟು ಪರೀಕ್ಷಿಸಿದ ಕ್ರಮವಿಧಿ ವರ್ಷಗಟ್ಟಲೆ ನಿರ್ದುಷ್ಟವಾಗಿ ಕಾಣುತ್ತಿತ್ತು. ಕನ್ನಡದ ಒಂದು ಹೆಸರೋ ಫ್ರೆಂಚಿನ ಸ್ವರಚಿಹ್ನೆಯುಳ್ಳ ಒಂದು ಅಕ್ಷರವೋ ಒಳಬಂದ ದಿನ ಅದು ಮುರಿದುಬೀಳುತ್ತಿತ್ತು. ತಪ್ಪು ನಡೆದ ಜಾಗ ಒಂದು, ಅದು ಕಾಣಿಸಿಕೊಂಡ ಜಾಗ ಇನ್ನೊಂದು. ಇದರಿಂದ ಕನ್ನಡವೇ ತೊಡಕಿನ ಭಾಷೆ, ಗಣಕಕ್ಕೆ ಒಗ್ಗದ ಲಿಪಿ ಎಂಬ ಭಾವನೆಗೆ ಎಡೆಯಾಗುತ್ತಿತ್ತು. ವಾಸ್ತವವಾಗಿ ಕನ್ನಡದಂತಹ ಭಾಷೆಗಳು ಆ ದೋಷವನ್ನು ಸೃಷ್ಟಿಸಲಿಲ್ಲ, ಬಯಲಿಗೆ ತಂದುವು ಎಂಬುದೇ ಸರಿಯಾದ ಮಾತು.

ದೋಷಸೂಚನೆ ಬಾರದ ಸಂದರ್ಭಗಳು ಇನ್ನೂ ಅಪಾಯಕಾರಿಯಾಗಿದ್ದುವು. ಬೈಟ್‌ಗಳ ಸಾಲಿನಲ್ಲಿ ಮೊದಲ ಘಟಕವನ್ನು ಕೇಳಿದರೆ 'ಕ' ಎಂಬುದರ ಮೂರನೆಯ ಒಂದು ಭಾಗ ಮಾತ್ರ ದೊರೆಯುತ್ತಿತ್ತು. ಪಠ್ಯವನ್ನು 100 ಘಟಕಗಳಿಗೆ ಕತ್ತರಿಸಿದರೆ ಕೊನೆಯ ಚಿಹ್ನೆ ಮಧ್ಯದಲ್ಲಿ ತುಂಡಾಗಬಹುದಾಗಿತ್ತು, ಏಕೆಂದರೆ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್‌ಗಳಿವೆ. ಪದದ ಉದ್ದವನ್ನಾಧರಿಸಿದ ಯಾವ ಲೆಕ್ಕವೂ ಮೂರು ಪಟ್ಟು ಹಿಗ್ಗುತ್ತಿತ್ತು.

4. ಪೈಥಾನ್ 3: ಬೇರ್ಪಡಿಕೆ ಮತ್ತು ಅದರ ಬೆಲೆ

2008ರ ಡಿಸೆಂಬರ್ 3ರಂದು ಬಿಡುಗಡೆಯಾದ ಪೈಥಾನ್ 3.0 ಹಳೆಯದರೊಂದಿಗಿನ ಹೊಂದಾಣಿಕೆಯನ್ನು ಉದ್ದೇಶಪೂರ್ವಕವಾಗಿ ಕೈಬಿಟ್ಟಿತು. 'ಸ್ಟ್ರ್' ಎಂಬ ಹೆಸರು ಈಗ ಸಂಕೇತಾಂಕಗಳ ಸಾಲಿಗೆ ಸಂದಿತು. ಬೈಟ್‌ಗಳ ಸಾಲಿಗೆ 'ಬೈಟ್ಸ್' ಎಂಬ ಪ್ರತ್ಯೇಕ ಪ್ರಕಾರ ಏರ್ಪಟ್ಟಿತು. ಇವೆರಡನ್ನು ಜೋಡಿಸಲು ಹೊರಟರೆ ಒಳಗಿರುವುದು ಇಂಗ್ಲಿಷೋ ಕನ್ನಡವೋ ಎಂಬುದನ್ನು ನೋಡದೆ ಪೈಥಾನ್ 3 ಕೂಡಲೇ ನಿರಾಕರಿಸುತ್ತದೆ. ಬೈಟ್‌ಗಳನ್ನು ಪಠ್ಯವಾಗಿ ಬಿಡಿಸಬೇಕಾದರೆ ಯಾವ ಸಂಕೇತೀಕರಣದ ಪ್ರಕಾರ ಎಂಬುದು ತಿಳಿದಿರಲೇಬೇಕು. ಪಠ್ಯವನ್ನು ಕಡತಕ್ಕೆ ಬರೆಯುವಾಗಲೂ ಹಾಗೆಯೇ. ಕ್ರಮವಿಧಿಯ ಮೂಲಪಠ್ಯವೂ ಯುಟಿಎಫ್-8ರಲ್ಲಿದೆ ಎಂಬುದೇ ಸಹಜ ನಿಯಮವಾಯಿತು. ಚರಾಂಶಗಳಿಗೆ ಕನ್ನಡದಲ್ಲಿಯೇ ಹೆಸರಿಡಲು ಅವಕಾಶವಾಯಿತು.

ಈ ಬದಲಾವಣೆ ಸುಲಭವಾಗಿ ನಡೆಯಲಿಲ್ಲ. ಹಳೆಯ ಕ್ರಮವಿಧಿಗಳನ್ನು ಹೊಸ ರೂಪಕ್ಕೆ ತರುವ ಪರಿವರ್ತಕವೊಂದನ್ನು ಪೈಥಾನ್ ಜೊತೆಗೇ ನೀಡಲಾಗಿತ್ತು. ವಾಕ್ಯರಚನೆಯ ವ್ಯತ್ಯಾಸಗಳನ್ನು ಅದು ಯಾಂತ್ರಿಕವಾಗಿ ಸರಿಪಡಿಸಬಲ್ಲುದಾಗಿತ್ತು. ಆದರೆ ಹಳೆಯ ಕ್ರಮವಿಧಿಯಲ್ಲಿರುವ ಒಂದು ಸ್ಟ್ರಿಂಗ್ ಓದತಕ್ಕ ಪಠ್ಯವೋ ಚಿತ್ರ ಅಥವಾ ಧ್ವನಿಯ ಕಚ್ಚಾ ಬೈಟ್‌ಗಳೋ ಎಂಬುದನ್ನು ಯಾವ ಯಂತ್ರವೂ ಹೇಳಲಾರದು. ಬರೆದವನ ಆಶಯವು ಬರೆಹದಲ್ಲಿ ದಾಖಲಾಗಿರಲಿಲ್ಲ. ಪ್ರತಿಯೊಂದು ಸಾಲನ್ನೂ ಮನುಷ್ಯನೇ ಓದಿ ತೀರ್ಮಾನಿಸಬೇಕಾಯಿತು. ಲಿಪಿಕಾರನು ವಿರಾಮಚಿಹ್ನೆಗಳನ್ನು ಹಾಕದೆ ಬರೆದ ಓಲೆಗರಿಯಲ್ಲಿ ಪದವಿಭಜನೆ ಮಾಡುವ ಗ್ರಂಥಸಂಪಾದಕನ ಶ್ರಮಕ್ಕೆ ಇದನ್ನು ಹೋಲಿಸಬಹುದು.

ವಿರೋಧವೂ ಇತ್ತು. ಜಾಲಸಂಪರ್ಕದ ನಿಯಮಾವಳಿಗಳನ್ನು ನಿರ್ವಹಿಸುವವರಿಗೆ ಬೈಟ್ ಮತ್ತು ಪಠ್ಯಗಳ ನಡುವಣ ಸಡಿಲ ಸಂಬಂಧವೇ ಅನುಕೂಲವಾಗಿತ್ತು. ಲಿನಕ್ಸ್‌ನಂತಹ ವ್ಯವಸ್ಥೆಗಳಲ್ಲಿ ಕಡತದ ಹೆಸರೂ ಕೇವಲ ಬೈಟ್‌ಗಳ ಸಾಲು. ಅದು ಸರಿಯಾದ ಯುಟಿಎಫ್-8 ಆಗಿರಲೇಬೇಕೆಂಬ ನಿರ್ಬಂಧವಿಲ್ಲ. ಇಂತಹ ತೊಡಕುಗಳಿಗೆ ಒಂದೊಂದಾಗಿ ಪರಿಹಾರ ಹುಡುಕಬೇಕಾಯಿತು. ಬಿಡಿಸಲಾಗದ ಬೈಟ್‌ಗಳನ್ನು ನಷ್ಟವಾಗದಂತೆ ಪಠ್ಯದೊಳಗೆ ಸಾಗಿಸುವ ಉಪಾಯ 3.1ರಲ್ಲಿ ಬಂತು. ಯುನಿಕೋಡ್ ಸ್ಟ್ರಿಂಗನ್ನು ಸೂಚಿಸುವ ಹಳೆಯ ಪೂರ್ವಚಿಹ್ನೆಯನ್ನು 2012ರ 3.3ರಲ್ಲಿ ಮರಳಿ ಸ್ವೀಕರಿಸಲಾಯಿತು. ಎರಡನೆಯ ಪೀಳಿಗೆಯ ಕೊನೆಯ ಆವೃತ್ತಿಯಾದ 2.7ರ ನಿರ್ವಹಣೆ 2015ಕ್ಕೆ ಮುಗಿಯಬೇಕಾಗಿದ್ದುದು 2020ರ ಜನವರಿ 1ರವರೆಗೆ ಮುಂದುವರಿಯಿತು. ಒಂದು ಭಾಷೆಯ ಬಳಕೆದಾರ ಸಮುದಾಯ ಹನ್ನೊಂದು ವರ್ಷ ಎರಡು ರೂಪಗಳ ನಡುವೆ ಹಂಚಿಹೋಗಿತ್ತು. ಇಂತಹುದೇ ಯತ್ನವನ್ನು ತನ್ನ 6ನೆಯ ಆವೃತ್ತಿಗಾಗಿ ಕೈಗೊಂಡಿದ್ದ ಪಿಎಚ್‌ಪಿ ಭಾಷೆಯು 2010ರಲ್ಲಿ ಅದನ್ನು ಕೈಬಿಟ್ಟಿತು ಎಂಬುದನ್ನು ನೆನೆದರೆ ಪೈಥಾನ್‌ನ ಪರಿವರ್ತನೆ ಪೂರ್ಣಗೊಂಡುದರ ಮಹತ್ವ ತಿಳಿಯುತ್ತದೆ.

3.3ರ ಇನ್ನೊಂದು ಸುಧಾರಣೆ ಕರ್ನಾಟಕದ ಹಸ್ತಪ್ರತಿ ಅಧ್ಯಯನಕ್ಕೆ ನೇರವಾಗಿ ಸಂಬಂಧಿಸಿದೆ. ಅದಕ್ಕೆ ಹಿಂದಿನ ಆವೃತ್ತಿಗಳನ್ನು ಎರಡು ಬಗೆಯಲ್ಲಿ ಸಿದ್ಧಪಡಿಸಬಹುದಾಗಿತ್ತು. ಪ್ರತಿ ಚಿಹ್ನೆಗೆ ಎರಡು ಬೈಟ್ ನೀಡುವ ಬಗೆಯಲ್ಲಿ 65,535ಕ್ಕಿಂತ ದೊಡ್ಡ ಸಂಕೇತಾಂಕಗಳು ಎರಡು ಘಟಕಗಳಾಗಿ ಎಣಿಕೆಯಾಗುತ್ತಿದ್ದುವು. ಕನ್ನಡದ 3200ರಿಂದ 3327ರವರೆಗಿನ ವಿಭಾಗ ಈ ಮಿತಿಯೊಳಗೇ ಇರುವುದರಿಂದ ಅದಕ್ಕೆ ತೊಂದರೆಯಿರಲಿಲ್ಲ. ಆದರೆ ಅಶೋಕನ ಶಾಸನಗಳ ಬ್ರಾಹ್ಮಿ ಲಿಪಿಯ ವಿಭಾಗ 69,632ರಿಂದಲೂ, 2024ರ ಯುನಿಕೋಡ್ 16.0 ಆವೃತ್ತಿಯಲ್ಲಿ ಸ್ಥಾನ ಪಡೆದ ತುಳು-ತಿಗಳಾರಿ ಲಿಪಿಯ ವಿಭಾಗ 70,528ರಿಂದಲೂ ಆರಂಭವಾಗುತ್ತವೆ. 3.3ರಿಂದೀಚೆಗೆ ಪೈಥಾನ್ ಪ್ರತಿ ಸ್ಟ್ರಿಂಗಿನ ಅಗತ್ಯವನ್ನು ನೋಡಿ ಚಿಹ್ನೆಯೊಂದಕ್ಕೆ 1, 2 ಅಥವಾ 4 ಬೈಟ್ ಬಳಸುತ್ತದೆ. ಹೀಗಾಗಿ ಈ ಲಿಪಿಗಳ ಚಿಹ್ನೆಗಳೂ ಒಂದೊಂದಾಗಿಯೇ ಎಣಿಕೆಯಾಗುತ್ತವೆ.

5. ಕಡತದ ಹೊಸ್ತಿಲಲ್ಲಿ

ಪಠ್ಯವು ಕ್ರಮವಿಧಿಯೊಳಗೆ ಬರುವ ಹೊಸ್ತಿಲಲ್ಲಿ ಬೈಟ್‌ಗಳನ್ನು ಬಿಡಿಸಬೇಕು, ಒಳಗೆಲ್ಲ ಸಂಕೇತಾಂಕಗಳ ಸ್ಟ್ರಿಂಗನ್ನೇ ಬಳಸಬೇಕು, ಹೊರಹೋಗುವಾಗ ಮತ್ತೆ ಬೈಟ್‌ಗಳಾಗಿಸಬೇಕು ಎಂಬುದು ಪೈಥಾನ್ 3ರ ಶಿಸ್ತು. ಈ ಶಿಸ್ತು ಸಡಿಲವಾಗುವ ಒಂದು ಎಡೆ ಉಳಿದಿತ್ತು. ಕಡತವನ್ನು ತೆರೆಯುವಾಗ ಸಂಕೇತೀಕರಣವನ್ನು ಹೇಳದಿದ್ದರೆ ಪೈಥಾನ್ 3 ಬಹುಕಾಲ ಗಣಕದ ಸ್ಥಳೀಯ ನೆಲೆಯನ್ನು ಅನುಸರಿಸುತ್ತಿತ್ತು. ಇಂಗ್ಲಿಷ್ ನೆಲೆಯ ವಿಂಡೋಸ್ ಗಣಕಗಳಲ್ಲಿ ಅದು ಸಾಮಾನ್ಯವಾಗಿ ಪಶ್ಚಿಮ ಯುರೋಪಿನ ಭಾಷೆಗಳಿಗಾಗಿ ರೂಪಿಸಿದ 1252 ಎಂಬ ಸಂಕೇತಪಟ್ಟಿ. ಆ ಪಟ್ಟಿಯಲ್ಲಿ ಬಳಕೆಗೆ ಬಾರದೆ ಖಾಲಿಯಿರುವ ಕೆಲವು ಸ್ಥಾನಗಳಲ್ಲಿ 141 ಒಂದು. ಕನ್ನಡದ ವಿರಾಮಚಿಹ್ನೆಯ ಮೂರನೆಯ ಬೈಟ್ ಅದೇ 141 ಎಂಬುದನ್ನು ಮೇಲೆ ನೋಡಲಾಗಿದೆ. ಒತ್ತಕ್ಷರವಾಗಲಿ ವ್ಯಂಜನಾಂತ ಪದವಾಗಲಿ ಇಲ್ಲದ ಕನ್ನಡ ಪುಟ ಸಿಗುವುದು ಕಷ್ಟ. ಆದ್ದರಿಂದ ಇಂತಹ ಗಣಕದಲ್ಲಿ ಕನ್ನಡ ಕಡತದ ಓದು ಮೊದಲ ಒತ್ತಕ್ಷರವನ್ನೂ ದಾಟಲಾರದೆ ನಿಂತುಹೋಗುತ್ತಿತ್ತು. ಕಡತವನ್ನು ತೆರೆಯುವಾಗ ಯುಟಿಎಫ್-8 ಎಂದು ಸ್ಪಷ್ಟವಾಗಿ ನಮೂದಿಸುವುದೇ ಇದಕ್ಕೆ ಪರಿಹಾರ.

ನುಡಿ, ಬರಹ ಮೊದಲಾದ ತಂತ್ರಾಂಶಗಳ ಯುನಿಕೋಡೇತರ ಫಾಂಟ್‌ಗಳಲ್ಲಿ ಸಿದ್ಧವಾದ ಕಡತಗಳ ಸ್ಥಿತಿ ಬೇರೆಯದು. ಅಲ್ಲಿ ಬೈಟ್ ಸೂಚಿಸುವುದು ವರ್ಣವನ್ನಲ್ಲ, ಅಕ್ಷರದ ಆಕಾರದ ಒಂದು ತುಣುಕನ್ನು. ನುಡಿಯ ಹಳೆಯ ವಿನ್ಯಾಸದಲ್ಲಿ 'ಕನ್ನಡ' ಎಂಬುದು ಏಳು ತುಣುಕುಗಳು: 'ಕ'ದ ಒಡಲು ಮತ್ತು ತಲೆಕಟ್ಟು, 'ನ'ದ ಒಡಲು ಮತ್ತು ತಲೆಕಟ್ಟು, ನ-ಒತ್ತು, 'ಡ'ದ ಒಡಲು ಮತ್ತು ತಲೆಕಟ್ಟು. 'ಕರ್ನಾಟಕ' ಎಂಬಲ್ಲಿ ಅರ್ಕಾವತ್ತು 'ನಾ'ದ ನಂತರ ಬರುತ್ತದೆ, ಏಕೆಂದರೆ ಕಣ್ಣಿಗೆ ಕಾಣುವ ಕ್ರಮ ಅದು; ಉಚ್ಚಾರಣೆಯ ಕ್ರಮದಲ್ಲಿ 'ರ್' ಮೊದಲು ಬರಬೇಕು. ಇಂತಹ ಕಡತವನ್ನು ಯುಟಿಎಫ್-8 ಎಂದು ಬಿಡಿಸಲಾಗದು. ಅದನ್ನು 'ಬೈಟ್ಸ್' ಆಗಿಯೇ ಓದಿ, ತುಣುಕುಗಳ ಕೋಷ್ಟಕದ ನೆರವಿನಿಂದ ಜೋಡಿಸಿ, ಕ್ರಮವನ್ನು ಸರಿಪಡಿಸಿ ಯುನಿಕೋಡ್ ಪಠ್ಯವಾಗಿಸಬೇಕು. ಪೈಥಾನ್ 3ರ ಬೇರ್ಪಡಿಕೆಯು ಪರಿವರ್ತನೆಗೆ ಮೊದಲಿನ ವಸ್ತು ಯಾವುದು, ನಂತರದ್ದು ಯಾವುದು ಎಂಬುದನ್ನು ದತ್ತಪ್ರಕಾರದ ಮಟ್ಟದಲ್ಲಿಯೇ ಸ್ಪಷ್ಟಗೊಳಿಸುವುದರಿಂದ ಈ ಕಾರ್ಯಕ್ಕೆ ಸಹಾಯಕವಾಗಿದೆ.

6. ಸಂಕೇತಾಂಕದಿಂದ ಅಕ್ಷರಕ್ಕೆ

ಬೈಟ್‌ಗಳ ತೊಡಕು ಕಳೆದ ಮೇಲೆ ಪಠ್ಯವು ಸಂಶೋಧನೆಗೆ ಸಿದ್ಧವಾಯಿತು ಎಂದು ಭಾವಿಸುವುದು ಸಹಜ. ಆದರೆ ಸಂಕೇತಾಂಕಗಳ ಸಾಲು ಅಕ್ಷರಗಳ ಸಾಲಲ್ಲ. ಕನ್ನಡದ ಮಟ್ಟಿಗೆ ನಾಲ್ಕು ಸಂದರ್ಭಗಳನ್ನು ವಿಶೇಷವಾಗಿ ಪರಿಶೀಲಿಸಬಹುದು.

ಮೊದಲನೆಯದು, ಒಂದೇ ಪದದ ಎರಡು ಲೇಖನರೂಪಗಳು. 'ಲೋಕ' ಎಂಬಲ್ಲಿಯ ಓಕಾರಕ್ಕೆ 3275 ಎಂಬ ಒಂದೇ ಸಂಕೇತಾಂಕವಿದೆ. ಅದನ್ನೇ ಎತ್ವ, ಊಕಾರ, ದೀರ್ಘಚಿಹ್ನೆ ಎಂಬ ಮೂರು ಸಂಕೇತಾಂಕಗಳ ಜೋಡಣೆಯಾಗಿಯೂ ಬರೆಯಬಹುದು. ಯುನಿಕೋಡ್ ಇವೆರಡನ್ನೂ ಸಮಾನವೆಂದು ಸಾರಿದೆ; ತೆರೆಯ ಮೇಲೂ ಅವು ಒಂದೇ ಬಗೆಯಾಗಿ ಕಾಣಬೇಕಾದುವು. ಆದರೆ ಪೈಥಾನ್ ಹೋಲಿಸುವುದು ಸಂಕೇತಾಂಕಗಳನ್ನು. ಅದಕ್ಕೆ ಮೊದಲನೆಯದು 3 ಘಟಕಗಳ ಪದ, ಎರಡನೆಯದು 5 ಘಟಕಗಳ ಬೇರೆಯೇ ಪದ. ಬೇರೆ ಬೇರೆ ಮೂಲಗಳಿಂದ ಸಂಗ್ರಹಿಸಿದ ಪಠ್ಯಗಳ ಪದಾವೃತ್ತಿಯನ್ನು ಎಣಿಸುವಾಗ ಒಂದೇ ಪದ ಎರಡು ನಮೂದುಗಳಾಗಿ ಒಡೆದುಹೋಗುತ್ತದೆ. ಎಣಿಕೆಗೆ ಮುಂಚೆ ಪಠ್ಯವನ್ನೆಲ್ಲ ಒಂದೇ ರೂಪಕ್ಕೆ ತರುವ ಸೌಲಭ್ಯ ಪೈಥಾನ್‌ನಲ್ಲಿಯೇ ಇದೆ. ಅದನ್ನು ತಪ್ಪದೆ ಬಳಸಬೇಕು. 'ಸಾಫ್ಟ್‌ವೇರ್' ಮೊದಲಾದ ಪದಗಳ ನಡುವೆ ಒತ್ತಾಗದಂತೆ ತಡೆಯಲು ಸೇರಿಸುವ ಅಗೋಚರ ಚಿಹ್ನೆ ಮಾತ್ರ ಈ ಕ್ರಮದಿಂದ ಹೋಗುವುದಿಲ್ಲ. ಅದರ ಬಗ್ಗೆ ಸಂಶೋಧಕನೇ ಪ್ರತ್ಯೇಕವಾಗಿ ತೀರ್ಮಾನಿಸಬೇಕು.

ಎರಡನೆಯದು, ಪದವಿಭಜನೆ. ಪಠ್ಯದಿಂದ ಪದಗಳನ್ನು ಹೆಕ್ಕಲು ಬಳಸುವ ಪೈಥಾನ್‌ನ ಅಂಗಭೂತ ವಿನ್ಯಾಸಶೋಧಕವು 'ಪದದ ಚಿಹ್ನೆ' ಎಂಬುದಕ್ಕೆ ಅಕ್ಷರ, ಅಂಕಿ ಮತ್ತು ಕೆಳಗೆರೆ ಎಂದು ಅರ್ಥ ಮಾಡುತ್ತದೆ. ಯುನಿಕೋಡ್‌ನ ವರ್ಗೀಕರಣದಲ್ಲಿ ಕನ್ನಡದ ವಿರಾಮಚಿಹ್ನೆ ಮತ್ತು ಸ್ವರಚಿಹ್ನೆಗಳು ಅಕ್ಷರಗಳಲ್ಲ, ಸಂಯೋಜಕ ಚಿಹ್ನೆಗಳು. ಪರಿಣಾಮವಾಗಿ 'ಕನ್ನಡ' ಎಂಬ ಒಂದು ಪದ 'ಕನ', 'ನಡ' ಎಂಬ ಎರಡು ಪದಗಳಾಗಿಯೂ 'ಕರ್ನಾಟಕ' ಎಂಬುದು 'ಕರ', 'ನ', 'ಟಕ' ಎಂಬ ಮೂರು ಪದಗಳಾಗಿಯೂ ಒಡೆಯುತ್ತವೆ. ಇಲ್ಲಿ ಯಾವ ದೋಷಸೂಚನೆಯೂ ಬಾರದು. ಇಂಗ್ಲಿಷಿಗಾಗಿ ಬರೆದ ಪಾಠಗಳನ್ನು ನೋಡಿ ಕ್ರಮವಿಧಿ ಬರೆದ ಸಂಶೋಧಕನಿಗೆ ಅಂದವಾದ, ಆದರೆ ಅರ್ಥಹೀನವಾದ ಪದಾವೃತ್ತಿಯ ಪಟ್ಟಿ ದೊರೆಯುತ್ತದೆ. ಪಟ್ಟಿಯಲ್ಲಿ 'ನಡ', 'ಕರ' ಮೊದಲಾದ ರೂಪಗಳು ಅಸಹಜವಾಗಿ ಹೆಚ್ಚಿದ್ದರೆ ಈ ದೋಷವನ್ನು ಶಂಕಿಸಬೇಕು. ಸಂಯೋಜಕ ಚಿಹ್ನೆಗಳನ್ನೂ ಸೇರಿಸಿ ಪದದ ವ್ಯಾಖ್ಯೆಯನ್ನು ತಾನೇ ನೀಡುವುದು ಅಥವಾ ಯುನಿಕೋಡ್‌ನ ವ್ಯಾಖ್ಯೆಯನ್ನು ಪೂರ್ಣವಾಗಿ ಪಾಲಿಸುವ ಬೇರೆ ಶೋಧಕವನ್ನು ಬಳಸುವುದು ಇದಕ್ಕೆ ಪರಿಹಾರ.

ಮೂರನೆಯದು, ಅಕಾರಾದಿ ಕ್ರಮ. ಪೈಥಾನ್ ಪದಗಳನ್ನು ಸಂಕೇತಾಂಕಗಳ ಏರಿಕೆಯ ಕ್ರಮದಲ್ಲಿ ಜೋಡಿಸುತ್ತದೆ. ಇಸ್ಕಿಯು ಭಾರತೀಯ ಲಿಪಿಗಳಿಗೆಲ್ಲ ಒಂದೇ ಚೌಕಟ್ಟನ್ನು ಬಳಸಿದುದರಿಂದ 'ಳ'ಕಾರ 3251ರಲ್ಲಿ, ಅಂದರೆ 'ಲ'ಕಾರದ ಮಗ್ಗುಲಲ್ಲಿಯೇ ಇದೆ. ಕನ್ನಡ ವರ್ಣಮಾಲೆಯಲ್ಲಿ ಅದರ ಸ್ಥಾನ 3257ರಲ್ಲಿರುವ 'ಹ'ಕಾರದ ನಂತರ. ಹಳಗನ್ನಡದ 'ೞ'ಕಾರದ ಸ್ಥಿತಿ ಇನ್ನೂ ವಿಚಿತ್ರವಾದುದು. ತಮಿಳು, ಮಲಯಾಳಂಗಳಲ್ಲಿ ಈ ವರ್ಣಕ್ಕೆ ಮೀಸಲಾದ ಸ್ಥಾನಕ್ಕೆ ಸಂವಾದಿಯಾದ 3252ನೆಯ ಸ್ಥಾನ ಕನ್ನಡದಲ್ಲಿ ಖಾಲಿಯಿದೆ. 'ೞ' ಇರುವುದು ಸ್ವರಚಿಹ್ನೆಗಳನ್ನೂ ದಾಟಿ 3294ರಲ್ಲಿ. ಯುನಿಕೋಡ್ ಅದಕ್ಕೆ ಇಟ್ಟ ಹೆಸರು 'ಕನ್ನಡದ ಫ ಅಕ್ಷರ' ಎಂಬರ್ಥ ಬರುವಂತಹುದು. ಒಮ್ಮೆ ನೀಡಿದ ಹೆಸರನ್ನು ಬದಲಿಸಬಾರದೆಂಬುದು ಯುನಿಕೋಡ್‌ನ ನಿಯಮವಾದುದರಿಂದ ತಪ್ಪು ಹೆಸರು ಹಾಗೆಯೇ ಉಳಿದು, ಸರಿಯಾದ ಹೆಸರು ಪರ್ಯಾಯನಾಮವಾಗಿ ಸೇರಿಕೊಂಡಿದೆ. ಪೈಥಾನ್‌ನಲ್ಲಿ 'ೞ'ದ ಹೆಸರನ್ನು ಕೇಳಿದರೆ ಇಂದಿಗೂ ದೊರೆಯುವುದು ಆ ತಪ್ಪು ಹೆಸರೇ. ಕನ್ನಡ ವಿದ್ವತ್ತಿನ ಮಾತು ಸಕಾಲದಲ್ಲಿ ತಲುಪದಿದ್ದರೆ ಮಾನಕವೊಂದರಲ್ಲಿ ತಪ್ಪು ಹೇಗೆ ಶಾಶ್ವತವಾಗುತ್ತದೆ ಎಂಬುದಕ್ಕೆ ಇದು ನಿದರ್ಶನ. ಹಳಗನ್ನಡ ಕಾವ್ಯಗಳ ಪದಸೂಚಿಯನ್ನು ಸಿದ್ಧಪಡಿಸುವವರು ವರ್ಣಗಳ ಕ್ರಮವನ್ನು ತಾವೇ ಕೋಷ್ಟಕವಾಗಿ ನೀಡುವುದು ಅಗತ್ಯ.

ನಾಲ್ಕನೆಯದು, ಅಕ್ಷರದ ಎಣಿಕೆ. ಓದುಗನು ಒಂದೇ ಘಟಕವೆಂದು ಗ್ರಹಿಸುವ ಸಂಕೇತಾಂಕಗಳ ಗುಂಪನ್ನು ಯುನಿಕೋಡ್ ಒಂದು ಗುಚ್ಛವೆಂದು ವ್ಯಾಖ್ಯಾನಿಸಿದೆ. ಈ ವ್ಯಾಖ್ಯೆಯ ಮೂಲ ನಿಯಮದಂತೆ 'ಕನ್ನಡ' ಎಂಬುದು ಕ, ನ್, ನ, ಡ ಎಂಬ ನಾಲ್ಕು ಗುಚ್ಛಗಳು. ಒತ್ತಕ್ಷರ ಎರಡಾಗಿ ಸೀಳಿಹೋಗುತ್ತದೆ. 2023ರ 15.1 ಆವೃತ್ತಿಯಲ್ಲಿ ಸಂಯುಕ್ತಾಕ್ಷರವನ್ನು ಒಡೆಯದಿರುವ ನಿಯಮವೊಂದು ಸೇರಿತು. ಆ ಆವೃತ್ತಿಯಲ್ಲಿ ಅದು ಅನ್ವಯವಾದುದು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ. ಒತ್ತಕ್ಷರದ ರಚನೆಯಲ್ಲಿ ತೆಲುಗಿಗೆ ಅತ್ಯಂತ ಸಮೀಪದ ಕನ್ನಡ ಆ ಪಟ್ಟಿಯಲ್ಲಿರಲಿಲ್ಲ.

ಛಂದಸ್ಸಿನ ಅಧ್ಯಯನಕ್ಕೆ ಇದು ಸಣ್ಣ ವಿಷಯವಲ್ಲ. 'ಕನ್ನಡ' ಎಂಬುದು ಒಂದು ಗುರು, ಎರಡು ಲಘುಗಳ ಮೂರು ಅಕ್ಷರ, ನಾಲ್ಕು ಮಾತ್ರೆ. ಮೊದಲ ಅಕ್ಷರ ಗುರುವಾಗುವುದು ಮುಂದಿನದು ಒತ್ತಕ್ಷರವಾದುದರಿಂದ. ಭಾಮಿನಿ ಷಟ್ಪದಿಯ ಮೊದಲ ಪಾದದಲ್ಲಿ 3, 4, 3, 4ರ ಗಣಗಳಲ್ಲಿ 14 ಮಾತ್ರೆಗಳಿವೆಯೇ ಎಂದು ಪರೀಕ್ಷಿಸುವ ಕ್ರಮವಿಧಿಗೆ ಅಕ್ಷರದ ಗಡಿಯೂ ಗುರು-ಲಘುಗಳ ನಿಯಮವೂ ತಿಳಿದಿರಬೇಕು. ಸ್ವತಂತ್ರ ಸ್ವರ ಅಥವಾ ವ್ಯಂಜನದಿಂದ ಆರಂಭಿಸಿ, ವಿರಾಮಚಿಹ್ನೆಯಿಂದ ಕೂಡಿಕೊಂಡ ವ್ಯಂಜನಗಳನ್ನೆಲ್ಲ ಸೇರಿಸಿಕೊಂಡು, ಸ್ವರಚಿಹ್ನೆಯನ್ನೂ ಅನುಸ್ವಾರ ವಿಸರ್ಗಗಳನ್ನೂ ಒಳಗೊಂಡುದು ಒಂದು ಅಕ್ಷರ ಎಂಬ ಸೂತ್ರವನ್ನು ಪೈಥಾನ್‌ನಲ್ಲಿ ಕೆಲವೇ ಸಾಲುಗಳಲ್ಲಿ ಬರೆಯಬಹುದು. ಆದರೆ 'ಕಣ್' ಎಂಬಲ್ಲಿಯ 'ಣ್' ತಾನೇ ಒಂದು ಅಕ್ಷರವಾಗದೆ ಹಿಂದಿನದನ್ನು ಗುರುವಾಗಿಸುತ್ತದೆ. ಹಳಗನ್ನಡದ ಶಿಥಿಲದ್ವಿತ್ವದ ಎಡೆಗಳಲ್ಲಿ ಒತ್ತಕ್ಷರವಿದ್ದರೂ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯುತ್ತದೆ. 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಚರ್ಚಿಸಿದ ಈ ವಿಷಯವನ್ನು ಯಾವ ಮಾನಕವೂ ಯಾವ ಗಣಕಭಾಷೆಯೂ ತಾನಾಗಿ ತಿಳಿಯಲಾರದು. ಅದನ್ನು ಕ್ರಮವಿಧಿಗೆ ಹೇಳಿಕೊಡಬೇಕಾದವರು ಶಿಥಿಲದ್ವಿತ್ವವನ್ನು ಬಲ್ಲವರೇ.

7. ಸಮಾರೋಪ

ಒಟ್ಟಿನಲ್ಲಿ ಹೇಳುವುದಾದರೆ, ಪೈಥಾನ್‌ನ ಯುನಿಕೋಡ್ ಪರಿವರ್ತನೆಯು ಒಂದು ತಾಂತ್ರಿಕ ದುರಸ್ತಿಯಷ್ಟೇ ಅಲ್ಲ. ಬೈಟ್ ಎಂದರೆ ಅಕ್ಷರ ಎಂಬ, ಇಂಗ್ಲಿಷಿಗೆ ಮಾತ್ರ ಸಲ್ಲುವ ಸಮೀಕರಣವನ್ನು ಅದು ಭಾಷೆಯ ತಳಹದಿಯಿಂದಲೇ ತೆಗೆದುಹಾಕಿತು. ಅಲ್ಲಿಯವರೆಗೆ ಕನ್ನಡ ಪಠ್ಯ ಎದುರಾದಾಗ ಮಾತ್ರ ಕಾಣಿಸುತ್ತಿದ್ದ ದೋಷ ಈಗ ಎಲ್ಲರಿಗೂ ಒಂದೇ ಬಗೆಯಾಗಿ, ಆರಂಭದಲ್ಲಿಯೇ ಕಾಣುವಂತಾಯಿತು.

ಆದರೆ ಸಂಕೇತಾಂಕದ ಮಟ್ಟದಲ್ಲಿ ದೋಷಗಳು ಸದ್ದಿಲ್ಲದೆ ನಡೆಯುತ್ತವೆ. ಒಡೆದ ಪದಗಳ ಪಟ್ಟಿ, ಇಮ್ಮಡಿಯಾದ ನಮೂದುಗಳು, ಸ್ಥಾನ ತಪ್ಪಿದ 'ಳ'ಕಾರ, ತಪ್ಪಿದ ಮಾತ್ರೆಗಳ ಲೆಕ್ಕ ಇವೆಲ್ಲ ಅಂಕಿ ಅಂಶಗಳ ಗಾಂಭೀರ್ಯದೊಂದಿಗೆ ಮಹಾಪ್ರಬಂಧಗಳ ಪುಟಗಳನ್ನು ಸೇರಬಲ್ಲವು. ಆದುದರಿಂದ ಗಣಕದ ನೆರವಿನಿಂದ ನಡೆದ ಯಾವುದೇ ಅಧ್ಯಯನವು ತಾನು ಎಣಿಸಿದುದು ಬೈಟನ್ನೋ ಸಂಕೇತಾಂಕವನ್ನೋ ಗುಚ್ಛವನ್ನೋ ಅಕ್ಷರವನ್ನೋ ಎಂಬುದನ್ನೂ, ಪಠ್ಯವನ್ನು ಯಾವ ಏಕರೂಪಕ್ಕೆ ತಂದಿತು ಎಂಬುದನ್ನೂ ತಿಳಿಸುವುದು ವಿಧಾನದ ಭಾಗವಾಗಬೇಕು. ಗ್ರಂಥಸಂಪಾದಕನು ತಾನು ಬಳಸಿದ ಪ್ರತಿಗಳ ವಿವರ ನೀಡುವುದು ಎಷ್ಟು ಅವಶ್ಯವೋ ಇದೂ ಅಷ್ಟೇ ಅವಶ್ಯ. ಅಕ್ಷರ ಎಂದರೇನು ಎಂಬ ಪ್ರಶ್ನೆಯಿಂದ ಕನ್ನಡ ವ್ಯಾಕರಣ ಪರಂಪರೆ ಆರಂಭವಾಗುತ್ತದೆ. ಆ ಪ್ರಶ್ನೆಗೆ ಗಣಕವು ಒಪ್ಪುವಷ್ಟು ಖಚಿತವಾದ ಉತ್ತರವನ್ನು ಸಿದ್ಧಪಡಿಸುವ ಹೊಣೆ ಕನ್ನಡ ಅಧ್ಯಯನ ವಿಭಾಗಗಳದ್ದೂ ಆಗಿದೆ.